ಕೆಂಪು ದಾರ ಕಟ್ಟಿದ ನಾಲ್ಕು ಕ್ರೇಟು

ರಾಮನಗರ
11 ಆಗಸ್ಟ್ 2024, ಭಾನುವಾರ

ಪ್ರೀತಿಯ ನಿಖಾತ್ ಅಕ್ಕನಿಗೆ,

ಲತಾಮಣಿಯ ನಮಸ್ಕಾರ. ನಾವೆಲ್ಲ ಕ್ಷೇಮ ಎಂದು ಬರೆದರೆ ಮುಕ್ಕಾಲು ಭಾಗ ನಿಜ. ನಾನು, ಮಗಳು ಸಿರಿ ಚೆನ್ನಾಗಿದ್ದೇವೆ. ನಮ್ಮ ಮನೆಯವರಿಗೆ ಮಾತ್ರ ಹಲ್ಲುನೋವು. ಡಾಕ್ಟರ ಹತ್ತಿರ ಹೋಗಿ ಎಂದರೆ ಲವಂಗ ಕಚ್ಚಿಕೊಂಡು ರೇಷ್ಮೆಗೂಡಿನ ಮಾರುಕಟ್ಟೆಗೆ ಆಟೋ ಓಡಿಸುತ್ತಾರೆ. ಅಲ್ಲಿ ಯಾರು ಮಾತಾಡಿಸಿದರೂ ಕೈಸನ್ನೆಯಲ್ಲೇ ಉತ್ತರ.

ರಂಜಾನ್‌ಗೆ ಬರುತ್ತೇನೆ ಎಂದಿದ್ದೆ, ಬರಲಿಲ್ಲ. ಬಕ್ರೀದ್‌ಗೆ ಎಂದಿದ್ದೆ, ಅದೂ ಹೋಯಿತು. ಚನ್ನಪಟ್ಟಣವೇನು ದೂರದ ದೇಶವೇ? ಹನ್ನೆರಡು ಕಿಲೋಮೀಟರು. ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ಹೇಳಿಕೊಳ್ಳಲು ಒಂದು ನೆಪವೂ ಉಳಿದಿಲ್ಲ. ಬೈದುಕೋ, ಆದರೆ ಈ ಕಾಗದ ಓದಿ ಮುಗಿಸಿದ ಮೇಲೆ ಬೈದುಕೋ.

ಫೋನ್ ಇರುವಾಗ ಕಾಗದ ಯಾಕೆ ಎನ್ನಬೇಡ. ನೀನು ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟುಕೊಂಡು ಗೊಂಬೆಗೆ ಬಣ್ಣ ಹಚ್ಚುತ್ತಿರುತ್ತೀಯ. ನಾನು ಇಲ್ಲಿ ಕೆಮ್ಮಿದರೆ ನಿಮ್ಮ ಗೊಂಬೆ ಕಾರ್ಖಾನೆಯವರೆಲ್ಲ ‘ಏನಾಯ್ತು, ಏನಾಯ್ತು’ ಎನ್ನುತ್ತಾರೆ. ಅಲ್ಲದೆ ನಮಗೆ ಕಾಗದ ಹೊಸದೇ? ನಜೀರ್ ಸಾಬರ ಫಿಲೇಚರಿನಲ್ಲಿ ರೇಷ್ಮೆ ನೂಲು ತೆಗೆಯುವ ಮಿಷನ್ ಸದ್ದಿಗೆ ಮಾತು ಕೇಳಿಸದೆ ಹಳೇ ಕ್ಯಾಲೆಂಡರಿನ ಹಿಂದೆ ಬರೆದು ಒಬ್ಬರಿಗೊಬ್ಬರು ತೋರಿಸುತ್ತಿದ್ದೆವಲ್ಲ. ‘ಇವತ್ತು ಏನು ಸಾರು’ ಎಂದು ಬರೆದರೂ ನಿನ್ನ ಅಕ್ಷರ ಅಚ್ಚು ಹೊಡೆದ ಹಾಗಿರುತ್ತಿತ್ತು. ನನ್ನದು ಆಗಲೂ ಕೋಳಿ ಕೆದರಿದ ಹಾಗೆ, ಈಗಲೂ ಹಾಗೇ.

ಸುದ್ದಿಗೆ ಬರುತ್ತೇನೆ. ಫಿಲೇಚರ್ ಯುಗಾದಿಗೆ ಮುಚ್ಚಿತು. ನಜೀರ್ ಸಾಬರಿಗೆ ಮಂಡಿನೋವು, ಮಗನಿಗೆ ರೇಷ್ಮೆ ಬೇಡ. ಗೂಡು ತೇಲಿಬಿಡುವ ಬಿಸಿನೀರಿನ ಬೇಸಿನ್‌ಗಳನ್ನೆಲ್ಲ ಕಿತ್ತು ಈಗ ಅದು ಸಿಮೆಂಟಿನ ಗೋಡೌನ್. ಹದಿನೇಳು ವರ್ಷ ನಾನು ಗೂಡಿನಿಂದ ನೂಲು ಬಿಚ್ಚುತ್ತಾ ಕುಳಿತಿದ್ದ ಜಾಗದಲ್ಲಿ ಸಿಮೆಂಟ್ ಮೂಟೆ ಕುಳಿತಿದೆ. ಆಮೇಲಿನಿಂದ ಕಲ್ಯಾಣ ಮಂಟಪಗಳಲ್ಲಿ ಬಡಿಸುವ ಕೆಲಸಕ್ಕೆ ಹೋಗುತ್ತಿದ್ದೇನೆ. ಆಷಾಢದಲ್ಲಿ ಮದುವೆಯಿಲ್ಲ, ಕೆಲಸವೂ ಇಲ್ಲ.

ಈಗ ಹಾರೋಹಳ್ಳಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹೊಸದಾಗಿ ರೇಷ್ಮೆ ಕಂಪನಿಯೊಂದು ಬಂದಿದೆ. ಎಲ್ಲ ಆಟೋಮ್ಯಾಟಿಕ್. ಗೂಡು ನೋಡಿ ವಿಂಗಡಿಸುವ ವಿಭಾಗಕ್ಕೆ ಒಬ್ಬ ಸೂಪರ್‌ವೈಸರ್ ಬೇಕಂತೆ. ತಿಂಗಳ ಸಂಬಳ, ಪಿಎಫ್, ಹೋಗಿಬರಲು ಕಂಪನಿ ವ್ಯಾನು. ಓದು ಎಸ್ಸೆಸ್ಸೆಲ್ಸಿ ಸಾಕು, ವಯಸ್ಸು ಮಾತ್ರ ನಲವತ್ತರೊಳಗೆ. ನನಗೆ ಡಿಸೆಂಬರಿಗೆ ನಲವತ್ತು ತುಂಬುತ್ತದೆ. ಈ ಬಸ್ಸು ತಪ್ಪಿದರೆ ಮುಂದೆ ಬಸ್ಸಿಲ್ಲ ಅಕ್ಕ. ಇಂಟರ್‌ವ್ಯೂ ಇದೇ ಇಪ್ಪತ್ತೆರಡು, ಗುರುವಾರ.

ನಮ್ಮ ಬೀದಿಯ ಚೈತನ್ಯ ಬಿ.ಕಾಂ. ಮುಗಿಸಿದ ಹುಡುಗಿ, ಅವಳೇ ನನ್ನ ಮೇಷ್ಟ್ರು. ದಿನಾ ಸಂಜೆ ನಮ್ಮ ಜಗುಲಿಯ ಮೇಲೆ ಶಾಲೆ. ಅವಳು ಬರದ ದಿನ ನಮ್ಮ ಮನೆಯವರು ಸಿರಿಯ ಆಟದ ಕನ್ನಡಕ ಹಾಕಿಕೊಂಡು, ದವಡೆ ಹಿಡಿದುಕೊಂಡೇ, “ಏನಮ್ಮಾ, ನಿಮ್ಮೆಸ್ರು? ನಿಮ್ಗ್ಯಾಕ್ ಕೊಡ್ಬೇಕು ಕೆಲ್ಸ?” ಎಂದು ಕೇಳುತ್ತಾರೆ. “ನಿಮ್ಮ ಹಲ್ಲು ತೆಗ್ಸಕ್ಕೆ” ಎಂದೆ. ಫೇಲ್ ಮಾಡಿಬಿಟ್ಟರು.

ಇಂಗ್ಲಿಷಿನಲ್ಲಿ ನನ್ನ ಬಗ್ಗೆ ಹೇಳಲು ಆರು ವಾಕ್ಯ ಬಾಯಿಪಾಠ ಮಾಡಿದ್ದೇನೆ. ನಾಲ್ಕನೆಯದಕ್ಕೆ ಬಂದಾಗ ಎರಡನೆಯದು ಮರೆಯುತ್ತದೆ. ನಿಮ್ಮ ಕೊರತೆ ಏನು ಎಂದು ಕೇಳಿದರೆ ‘ಕೆಲಸ ಅಚ್ಚುಕಟ್ಟಾಗಿ ಆಗುವ ತನಕ ನನಗೆ ಸಮಾಧಾನವಿಲ್ಲ, ಅದೇ ಕೊರತೆ’ ಎನ್ನಬೇಕಂತೆ. ಅದು ಹೇಗೆ ಕೊರತೆಯಾಗುತ್ತದೆ ಎಂದು ಕೇಳಿದೆ. “ಆಂಟಿ, ಎಲ್ಲರೂ ಹಂಗೇ ಹೇಳೋದು” ಎಂದಳು. ಹಾಗಾದರೆ ಕೇಳುವವರಿಗೂ ಗೊತ್ತಿರಬೇಕಲ್ಲ.

ಇನ್ನೊಂದು ಪ್ರಶ್ನೆಗೆ ಅವಳ ಹತ್ತಿರವೂ ಉತ್ತರವಿಲ್ಲ, ನನ್ನ ಹತ್ತಿರವೂ ಇಲ್ಲ. ಕೆಲಸದಲ್ಲಿ ನೀವು ಮಾಡಿದ ದೊಡ್ಡ ತಪ್ಪು ಯಾವುದು, ಅದರಿಂದ ಏನು ಕಲಿತಿರಿ? ಈ ಪ್ರಶ್ನೆ ಬಂದೇ ಬರುತ್ತದೆ ಎನ್ನುತ್ತಾಳೆ. ಏನೇನೋ ಕಟ್ಟಿ ಹೇಳಿ ನೋಡಿದೆ, ಯಾವುದೂ ನಾಲಿಗೆಗೆ ಕೂರುವುದಿಲ್ಲ. ನನ್ನಂಥ ಹದಿನೈದು ಹುಡುಗಿಯರನ್ನು ಬೇಸಿನ್ನಿನ ಮುಂದೆ ಪಳಗಿಸಿದವಳು ನೀನು, ಎಂಥ ಮೇಸ್ತ್ರಿಗೂ ಉತ್ತರ ಕೊಡುತ್ತಿದ್ದವಳು ನೀನು. ಏನು ಹೇಳಬೇಕು ಎಂದು ಎರಡು ಸಾಲು ಬರೆದು ಹಾಕು.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಮಗ ಸಾಬೀರ್ ಸಿಕ್ಕಿದ್ದ. ಮೀಸೆ ಬಂದಿದೆ, ನನಗೇ ಗುರುತಾಗಲಿಲ್ಲ. ಅವನೊಂದು ಮಾತು ಹೇಳಿದ. “ಅಮ್ಮಿ ಈಗ್ಲೂ ಒಬ್ರೇ ಕುಕ್ಕರ್ ಇಡಲ್ಲ ಆಂಟಿ. ಪಕ್ಕದ್ಮನೆಯವ್ರನ್ನ ಕರ್ದು, ಮುಚ್ಚಳ ಸರ್ಯಾಗಿ ಕೂತೈತಾ ನೋಡು, ವಿಷಲ್ ಸರ್ಯಾಗೈತಾ ನೋಡು ಅಂತಾರೆ.” ನಗುತ್ತಾ ಹೇಳಿದ. ನಾನೂ ನಕ್ಕೆ. ಆಮೇಲೆ ಬಸ್ಸು ಬಂತು.

ನಿನ್ನ ಉತ್ತರ ಕಾಯುತ್ತಿರುತ್ತೇನೆ. ಸಿರಿ ಒಂದನೇ ಕ್ಲಾಸು, ನಿನಗೆ ಕೊಡಲು ಹೂವಿನ ಚಿತ್ರ ಬರೆದಿದ್ದಾಳೆ, ಜೊತೆಗಿಟ್ಟಿದ್ದೇನೆ. ಅದು ಹೂವು ಎಂದು ನಾನು ಹೇಳುತ್ತಿದ್ದೇನೆ, ನೋಡಿದರೆ ಫ್ಯಾನಿನ ಹಾಗಿದೆ.

ನಿನ್ನ
ಲತಾ

*

ರಾಮನಗರ
8 ಸೆಪ್ಟೆಂಬರ್ 2024, ಭಾನುವಾರ

ಪ್ರೀತಿಯ ಅಕ್ಕನಿಗೆ,

ಮೊದಲು ಕೆಲಸದ ಮಾತು. ಕೆಲಸ ಸಿಕ್ಕಿತು. ಹದಿನೆಂಟನೇ ತಾರೀಕು ಬುಧವಾರ ಸೇರಬೇಕು. ನೀನು ಈ ಸಾಲನ್ನು ಎರಡು ಸಲ ಓದುತ್ತೀಯ ಎಂದು ಗೊತ್ತು, ಅದಕ್ಕೇ ಮೇಲೇ ಬರೆದೆ.

ಇಷ್ಟು ದೊಡ್ಡ ಸುದ್ದಿಯನ್ನು ತಿಳಿದ ದಿನವೇ ನಿನಗೆ ಹೇಳಲಿಲ್ಲ, ಅದು ತಪ್ಪು. ತಿಳಿದು ಎಂಟು ದಿನವಾಯಿತು. ಮೂರು ಸಲ ನಿನಗೆ ಫೋನ್ ಮಾಡಿದೆ, ನಿನಗೂ ನೆನಪಿರಬೇಕು. ಒಂದು ಸಲ ಹುಣಸೆಹಣ್ಣು ಬೇಕಾ ಎಂದು ಕೇಳಿ ಇಟ್ಟೆ. ಇನ್ನೊಂದು ಸಲ ಅಲ್ಲಿ ಮಳೆ ಬಂತಾ ಎಂದು ಕೇಳಿದೆ. ಮೂರನೇ ಸಲ ನೀನೇ, “ಏನೇ ಲತಾ, ಏನೋ ಹೇಳಕ್ ಬಂದು ನುಂಗ್ತಾ ಇದೀಯ” ಎಂದೆ. ಸಿರಿ ಅಳುತ್ತಿದ್ದಾಳೆ ಎಂದು ಸುಳ್ಳು ಹೇಳಿ ಇಟ್ಟೆ. ಸಿರಿ ಆಗ ಶಾಲೆಯಲ್ಲಿದ್ದಳು.

ನಿನ್ನ ಉತ್ತರ ಇಂಟರ್‌ವ್ಯೂಗೆ ಎರಡು ದಿನ ಮೊದಲೇ ಬಂತು. ಅಕ್ಷರ ಹಾಗೇ ಇದೆ. ನೀನು ಬರೆದದ್ದನ್ನು ನಿನಗೇ ಓದಿ ಹೇಳುವುದು ಚೆನ್ನಲ್ಲ, ಆದರೂ ಬರೆಯುತ್ತೇನೆ, ಯಾಕೆಂದರೆ ಅದನ್ನು ಎಷ್ಟು ಸಲ ಓದಿದೆನೆಂದರೆ ಈಗ ನೋಡದೆ ಬರೆಯಬಲ್ಲೆ.

‘ಲತಾ, ತಪ್ಪು ಏನ್ ಮಾಡಿದೀರ ಅಂತ ಕೇಳುದ್ರೆ ನನ್ ಕತೆ ಹೇಳ್ಬುಡು. ನಮ್ ಜೊತೆ ಒಬ್ಳು ಅಕ್ಕ ಇದ್ಲು, ಬಾಯ್ಲರ್ ಅವಳ್ದೇ ಜವಾಬ್ದಾರಿ, ಒಂದಿನ ಸ್ಟೀಮ್ ಕಮ್ಮಿ ಬುಟ್ಟು ಮನೆಗೋದ್ಲು. ನಾಕು ಕ್ರೇಟು ಗೂಡು ಸರ್ಯಾಗಿ ಬೇಯ್ದೆ ಹುಳ ಬದುಕ್ಕಂಡು, ಚಿಟ್ಟೆ ಆಗಿ ಗೂಡು ಒಡ್ಕಂಡು ಎದ್ದೋಯ್ತು. ಅದ್ನ ನೋಡಿ ನಾನು ಕಲ್ತೆ, ಮೀಟರ್ ಮುಳ್ಳು ನೋಡ್ದೆ ಯಾವ್ ಕೆಲ್ಸಕ್ಕೂ ಕೈ ಹಾಕಲ್ಲ ಅಂತ ಅನ್ನು. ನನ್ ತಪ್ಪು ಯಾರಿಗಾದ್ರೂ ಒಸಿ ಉಪಯೋಗಕ್ಕೆ ಬರ್ಲಿ. ನನಗಂತೂ ಬರ್ಲಿಲ್ಲ.’

ಅದರ ಕೆಳಗೆ, ‘ಟೀ ಕುಡ್ಕಂಡು ಹೋಗು, ಹೊಟ್ಟೆ ಖಾಲಿ ಇದ್ರೆ ನಿಂಗೆ ಸಿಟ್ಟು ಬತ್ತದೆ’ ಎಂದೂ ಬರೆದಿದ್ದೆ. ಟೀ ಕುಡಿದೇ ಹೋದೆ.

ಇನ್ನು ಇಂಟರ್‌ವ್ಯೂ. ಬೆಳಿಗ್ಗೆ ಆರಕ್ಕೆ ಚೈತನ್ಯ ಬಂದು ಪೌಡರ್ ಡಬ್ಬಿ ಹಿಡಿದು ನಿಂತಳು. ನಾನು ಬೇಡವೆಂದೆ. ಮಲ್ಲಿಗೆ ಮುಡಿಸಲು ಬಂದಳು, ಅದೂ ಬೇಡವೆಂದೆ. ನಮ್ಮವ್ವ ಅಂಕಮ್ಮ ನಿನಗೆ ಗೊತ್ತಲ್ಲ. ಕನಕಪುರದ ಕಡೆ ಹುಳ ಮೇಯಿಸುವ ಮನೆಯಲ್ಲಿ ನಾನು ಬೆಳೆದದ್ದು. ಹುಳದ ಮನೆಗೆ ಪೌಡರ್ ಹಚ್ಚಿಕೊಂಡು ಹೋದರೆ, ಚಪ್ಪಲಿ ಮೆಟ್ಟಿಕೊಂಡು ಹೋದರೆ, ಒಗ್ಗರಣೆ ವಾಸನೆ ಬಂದರೆ, ಹುಳಕ್ಕೆ ಆಗುವುದಿಲ್ಲ ಎಂದು ಅವ್ವ ಪೊರಕೆ ಹಿಡಿಯುತ್ತಿದ್ದಳು. ಗೂಡಿನ ಹತ್ತಿರ ಹೋಗುವ ದಿನ ವಾಸನೆ ಹಚ್ಚಿಕೊಳ್ಳಲು ಕೈ ಬರುವುದಿಲ್ಲ. ಚೈತನ್ಯ, “ಆಂಟಿ, ನೀವು ಫ್ಯಾಕ್ಟ್ರಿಗ್ ಹೋಗ್ತಾ ಇರೋದು, ಹುಳಿನ್ ಮನೆಗಲ್ಲ” ಎಂದು ಡಬ್ಬಿ ಮುಚ್ಚಿದಳು.

ಕನಕಪುರದಲ್ಲಿ ಬಸ್ಸು ಬದಲಿಸಿ ಹಾರೋಹಳ್ಳಿಗೆ ಒಂಬತ್ತೂವರೆಗೇ ಸೇರಿದೆ. ಹದಿನಾಲ್ಕು ಜನ ಬಂದಿದ್ದರು, ಒಂದು ಕೆಲಸಕ್ಕೆ. ಹೆಚ್ಚಿನವರು ಇಪ್ಪತ್ತೈದರ ಒಳಗಿನವರು, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ನನ್ನ ಹತ್ತಿರ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಮತ್ತು ನಜೀರ್ ಸಾಬರು ಬರೆದುಕೊಟ್ಟ ಒಂದು ಪತ್ರ, ಎರಡೂ ಸಿರಿಯ ಡ್ರಾಯಿಂಗ್ ಪುಸ್ತಕದ ಒಳಗೆ. ನನ್ನ ನಂಬರು ಹನ್ನೊಂದು. ನನಗಿಂತ ಮೊದಲು ಹೋದ ಹುಡುಗಿ ಹೊರಗೆ ಬಂದು ಅತ್ತಳು. ಅದನ್ನು ನೋಡಿ ನನಗೆ ಆರರಲ್ಲಿ ಐದು ವಾಕ್ಯ ಮರೆತುಹೋಯಿತು.

ಕರೆದಾಗ ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಹೋದೆ. ಮೂರು ಜನ ಕುಳಿತಿದ್ದರು. ಕನ್ನಡಕದ ಒಬ್ಬ ಮೇಡಮ್ಮು, ವಯಸ್ಸಾದ ಒಬ್ಬ ಸಾರು, ಟೈ ಕಟ್ಟಿದ ಒಬ್ಬ ಹುಡುಗ. ಹುಡುಗ ನನ್ನ ಕಾಲು ನೋಡಿ, “ಮೇಡಮ್, ಚಪ್ಪಲಿ ಹಾಕ್ಕೊಂಡೇ ಬರ್ಬೋದಿತ್ತು” ಎಂದ. ನನಗೆ ಆಗ ತಿಳಿಯಿತು, ಏನು ಮಾಡಿದೆ ಎಂದು. ಮೇಜಿನ ಮೇಲೆ ತಟ್ಟೆಗಳಲ್ಲಿ ಗೂಡು ಇಟ್ಟಿದ್ದರು. ಅದನ್ನು ತೋರಿಸಿ, “ಗೂಡು ಐತಲ್ಲ ಸಾರ್ ಒಳ್ಗೆ” ಎಂದುಬಿಟ್ಟೆ. ವಯಸ್ಸಾದ ಸಾರು ಏನೋ ಬರೆದುಕೊಂಡರು. ನನ್ನ ಕತೆ ಇಲ್ಲಿಗೇ ಮುಗಿಯಿತು ಎಂದುಕೊಂಡೆ.

‘ಮೈ ನೇಮ್ ಈಸ್ ಲತಾಮಣಿ, ಐ ಆಮ್ ಫ್ರಮ್ ರಾಮನಗರ’ ಎಂದೆ. ಮುಂದಿನದು ಬರಲಿಲ್ಲ. ಮತ್ತೆ ‘ಐ ಆಮ್ ಫ್ರಮ್ ರಾಮನಗರ’ ಎಂದೆ. ಮೇಡಮ್ಮು, “ರಾಮನಗರ ಗೊತ್ತಾಯ್ತಮ್ಮ, ಕನ್ನಡದಲ್ಲೇ ಹೇಳಿ” ಎಂದರು. ಆಮೇಲೆ ನನಗೆ ಉಸಿರು ಬಂತು.

ನಾಲ್ಕು ತಟ್ಟೆ ಮುಂದೆ ತಳ್ಳಿ ವಿಂಗಡಿಸಿ ಎಂದರು. ಅದೇನು ದೊಡ್ಡ ವಿಷಯ ಹೇಳು. ಜೋಡಿ ಗೂಡು, ಕಲೆ ಗೂಡು, ತೆಳು ಗೂಡು ಎಂದು ಮಾತಾಡುತ್ತಲೇ ಬೇರೆ ಮಾಡಿದೆ. ನಾಲ್ಕನೇ ತಟ್ಟೆಯದು ನೋಡಲು ಎಲ್ಲ ಒಂದೇ ಥರ. ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿದೆ, ನೀನು ಕಲಿಸಿದ ಹಾಗೆ. ಒಣಗಿದವು ಗಲಗಲ ಎಂದವು. ಮೂರು ಮಾತ್ರ ಭಾರವಾಗಿ, ಒಂದೇ ಸಲ ತಟ್ಟಿದ ಹಾಗೆ ಕೇಳಿಸಿದವು. ಮುಷ್ಟಿಯೊಳಗೆ ಬೆಚ್ಚಗೆ ಹಿಡಿದುಕೊಂಡು ಕಾದೆ. ಒಳಗೆ ಅಲುಗಿತು. “ಈ ಮೂರು ಬೆಂದಿಲ್ಲ, ಜೀವ ಐತೆ” ಎಂದೆ.

ಮೇಡಮ್ಮು ಮುಂದಕ್ಕೆ ಬಾಗಿದರು. “ಬೇಯಿಸದೆ ಇದ್ರೆ ಏನಾಗುತ್ತೆ?”

“ಚಿಟ್ಟೆ ಆಗಿ ಗೂಡು ತೂತು ಮಾಡ್ಕಂಡು ಬತ್ತದೆ ಮೇಡಮ್. ತೂತಾದ ಗೂಡಿಂದ ನೂಲು ಬಿಚ್ಚಕ್ಕಾಗಲ್ಲ.”

“ನೋಡಿದೀರಾ?”

“ನೋಡಿದೀನಿ. ನಾಕು ಕ್ರೇಟು.”

“ಯಾರ ತಪ್ಪಿಂದ?”

ನೋಡಿದೆಯಾ, ಚೈತನ್ಯ ಹೇಳಿದ ಪ್ರಶ್ನೆ ಬಂದೇ ಬಂತು, ಬೇರೆ ಸೀರೆ ಉಟ್ಟುಕೊಂಡು ಬಂತು ಅಷ್ಟೇ. ನಿನ್ನ ಕಾಗದ ನನ್ನ ಬ್ಯಾಗಿನಲ್ಲೇ ಇತ್ತು. ನಾಲ್ಕು ಕ್ರೇಟಿನ ಕತೆ ಹೇಳಿದೆ. ಹೇಗೆ ಹೇಳಿದೆ ಎನ್ನುವುದನ್ನು ಕೊನೆಗೆ ಬರೆಯುತ್ತೇನೆ. ಹೇಳಿ ಮುಗಿದ ಮೇಲೆ ಆ ಟೈ ಹುಡುಗ ಕೂಡ ಫೋನ್ ಕೆಳಗಿಟ್ಟಿದ್ದ. ವಯಸ್ಸಾದ ಸಾರು ಒಂದೇ ಮಾತು ಕೇಳಿದರು. “ಇಲ್ಲಿ ನಾಳೆ ಒಂದು ಲಾಟ್ ಹಾಳಾದ್ರೆ ಬಂದು ಹೇಳ್ತೀರೇನಮ್ಮ?”

“ಹೇಳ್ತೀನಿ ಸಾರ್” ಎಂದೆ. ಹೊರಗೆ ಬಂದಾಗ ಚಪ್ಪಲಿ ಬಾಗಿಲಲ್ಲೇ ಇತ್ತು. ಮೆಟ್ಟಿಕೊಂಡು ಬಸ್ಸು ಹತ್ತಿದೆ. ಕೆಲಸ ಸಿಗುವುದಿಲ್ಲ ಎಂದು ಗಟ್ಟಿಯಾಗಿ ನಂಬಿದ್ದೆ. ಕನಕಪುರದಲ್ಲಿ ಇಳಿದು ಎರಡು ಇಡ್ಲಿ ತಿಂದೆ, ಹಸಿವಾಗಿತ್ತು.

ಮೂವತ್ತೊಂದನೇ ತಾರೀಕು ಶನಿವಾರ ಫೋನು ಬಂತು. ಅದೇ ಟೈ ಹುಡುಗ. “ಮೇಡಮ್, ನೀವು ಸೆಲೆಕ್ಟ್ ಆಗಿದೀರ. ಗೂಡು ಚೆನ್ನಾಗಿ ಗೊತ್ತು ಅಂತ ಸಾರ್ ಅಂದ್ರು. ಆದ್ರೆ ಅದು ಗೊತ್ತಿದ್ದೋರು ಇನ್ನೂ ಇಬ್ರಿದ್ರು. ನಿಮ್ಮ ಹಾನೆಸ್ಟಿ ಇಷ್ಟ ಆಯ್ತು ಅಂತ ಮೇಡಮ್ ಹೇಳಿದ್ರು” ಎಂದ. ನಮ್ಮ ಮನೆಯವರು ಹಲ್ಲುನೋವು ಮರೆತು ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ತಾವೂ ತಿಂದರು, ತಿಂದು ಸಂಜೆಗೆ ಹಲ್ಲು ಕೀಳಿಸಿಕೊಂಡು ಬಂದರು. ಆ ಒಂದು ಕೆಲಸವೂ ಆಯಿತು. ಚೈತನ್ಯ ತನ್ನ ಆರು ವಾಕ್ಯದಿಂದಲೇ ಕೆಲಸ ಸಿಕ್ಕಿದ್ದು ಎಂದು ಹೇಳಿಕೊಂಡು ತಿರುಗುತ್ತಿದ್ದಾಳೆ. ನಾನು ಇಲ್ಲ ಎನ್ನಲು ಹೋಗಲಿಲ್ಲ.

ಅವ್ವನಿಗೆ ಫೋನಿನಲ್ಲಿ ಹೇಳಿದೆ. “ಅಲ್ಲೂ ಹುಳ ಬೇಯ್ಸ್ತಾರೇನವ್ವ?” ಎಂದು ಕೇಳಿದಳು. ಮಿಷನ್ನು ಬೇಯಿಸುತ್ತದೆ ಎಂದೆ. “ಸರಿ ಬುಡು, ಮಿಷಿನ್ಗೆ ಪಾಪ ಬರಕಿಲ್ಲ” ಎಂದಳು.

ಮೊನ್ನೆ ಗೌರಿ ಹಬ್ಬ, ನಿನ್ನೆ ಗಣೇಶ, ಇವತ್ತು ಬಿಡುವು. ಸಿರಿ ನೀನು ಕೊಟ್ಟಿದ್ದ ಮರದ ಗಿಲಕಿಯನ್ನು ಇನ್ನೂ ಇಟ್ಟುಕೊಂಡಿದ್ದಾಳೆ, ಕೆಂಪು ಬಣ್ಣ ಒಂದು ಚೂರೂ ಎದ್ದಿಲ್ಲ. ನಿನ್ನ ಸಾಬೀರನಿಗೆ ಒಳ್ಳೆಯ ಕೆಲಸ, ಒಳ್ಳೆಯ ಹೆಂಡತಿ ಸಿಗಲಿ. ನಿನ್ನ ಕೈಕಾಲು ಗಟ್ಟಿಯಾಗಿರಲಿ. ನೀನು ನಂಬುವ ದೇವರೂ ನಾನು ನಂಬುವ ದೇವರೂ ಇಬ್ಬರೂ ಸೇರಿ ನಿನ್ನನ್ನು ಚೆನ್ನಾಗಿಟ್ಟಿರಲಿ. ನನಗೂ ಒಂದು ಆಶೀರ್ವಾದ ಕೊಡು ಎಂದು ಕೇಳುವುದಿತ್ತು. ಇವತ್ತು ಕೇಳುವುದಿಲ್ಲ.

ಇಂತಿ ನಿನ್ನ
ಲತಾಮಣಿ

ತಾ.ಕ.: ಅಕ್ಕ, ಕಾಗದ ಮಡಚಿ ಕವರಿಗೆ ಹಾಕಿದ್ದೆ. ಮತ್ತೆ ತೆಗೆದಿದ್ದೇನೆ. ಕೊನೆಗೆ ಬರೆಯುತ್ತೇನೆ ಎಂದದ್ದು ಇದು. ಪಕ್ಕದಲ್ಲಿ ಯಾರಾದರೂ ಇದ್ದರೆ ಒಳಗೆ ಹೋಗಿ ಓದು.

ಯಾರ ತಪ್ಪಿಂದ ಎಂದು ಮೇಡಮ್ಮು ಕೇಳಿದಾಗ, ‘ನಮ್ಮ ಜೊತೆ ಒಬ್ಳು ಅಕ್ಕ ಇದ್ಲು’ ಎಂದು ಶುರು ಮಾಡಿದೆ. ನೀನು ಹೇಳಿಕೊಟ್ಟ ಹಾಗೇ. ಅಷ್ಟಕ್ಕೆ ನಿಂತುಹೋಯಿತು. ನೀರು ಕೊಟ್ಟರು, ಕುಡಿದೆ. ಆಮೇಲೆ, “ತಪ್ಪು ನಂದು ಮೇಡಮ್” ಎಂದೆ. ಅವರಿಗೆ ಹೇಳಿದ್ದನ್ನೇ ಈಗ ನಿನಗೆ ಬರೆಯುತ್ತಿದ್ದೇನೆ. ಏಳು ವರ್ಷದ ಹಿಂದೆ ನಿನಗೆ ಮೊದಲು ಹೇಳಬೇಕಾಗಿತ್ತು, ಮೂರು ಜನ ಗುರುತಿಲ್ಲದವರಿಗೆ ಮೊದಲು ಹೇಳಿದೆ.

ಆ ಶನಿವಾರ ನಿನ್ನ ತಮ್ಮನ ನಿಕಾಹ್‌ಗೆ ನೀನು ಬೇಗ ಹೊರಟೆ. ಬಾಯ್ಲರ್ ಹಚ್ಚಿ, ಸ್ಟೀಮ್ ಏರಿಸಿ, “ಲತಾ, ನಾಕು ಕ್ರೇಟು ಸ್ಟೀಮ್ ಪೆಟ್ಗೆ ಒಳಕ್ಕೆ ಇಟ್ಟು ಬಾಗ್ಲಾಕು, ಅರ್ಧ ಗಂಟೆ ಆದ್ಮೇಲೆ ತೆಗ್ದು ಕೆಂಪು ದಾರ ಕಟ್ಬುಡು” ಎಂದೆ. ಬೆಂದ ಕ್ರೇಟಿಗೆ ಕೆಂಪು ದಾರ, ನಮ್ಮಲ್ಲಿ ಅದೇ ಗುರುತು. ನಾನು ಹೂಂ ಎಂದೆ. ಆಗ ನನಗೆ ನಾಲ್ಕು ತಿಂಗಳು. ಅದಕ್ಕೆ ಮೊದಲು ಎರಡು ಹೋಗಿದ್ದವು, ನಿನಗೆ ಗೊತ್ತು. ಐದು ತುಂಬುವ ತನಕ ಯಾರಿಗೂ ಹೇಳಬೇಡ ಎಂದು ಅವ್ವ ಆಣೆ ಹಾಕಿಸಿಕೊಂಡಿದ್ದಳು. ಇನ್ನೊಂದು ಆಣೆಯೂ ಇತ್ತು. “ಬೆಂದಿದ್ನ ಬಿಚ್ಚೋದು ಬ್ಯಾರೆ ಕಣವ್ವ, ಬದುಕಿರೋದ್ನ ಬೇಯ್ಸೋದು ಬ್ಯಾರೆ. ಈ ಕೂಸು ಕೈಗೆ ಬರೋಗಂಟ ಆ ಪೆಟ್ಗೆ ತಾವ್ಕೆ ಹೋಗ್ಬ್ಯಾಡ.”

ಪೆಟ್ಟಿಗೆಯ ಮುಂದೆ ನಿಂತೆ. ಕ್ರೇಟು ಎತ್ತಲು ಕೈ ಬರಲಿಲ್ಲ. ಹೊತ್ತಾಯಿತು, ನಜೀರ್ ಸಾಬರು ಬೀಗ ಹಾಕಲು ಬಂದರು. ಕ್ರೇಟುಗಳ ಕಡೆ ನೋಡುತ್ತಾರೆಂದು ನಾಲ್ಕಕ್ಕೂ ಕೆಂಪು ದಾರ ಕಟ್ಟಿದೆ. ಸೋಮವಾರ ಬೆಳಿಗ್ಗೆ ನೀನು ಬಂದಮೇಲೆ ಏನಾದರೂ ನೆಪ ಹೇಳಿ ನಿನ್ನ ಕೈಯಲ್ಲೇ ಬೇಯಿಸೋಣ ಎಂದುಕೊಂಡಿದ್ದೆ. ಸೋಮವಾರ ನನಗೆ ರಕ್ತ ಕಾಣಿಸಿತು, ಮೂರು ದಿನ ಆಸ್ಪತ್ರೆ. ಜ್ವರ ಎಂದು ನಿಮಗೆಲ್ಲ ಹೇಳಿ ಕಳಿಸಿದ್ದೆ. ಗುರುವಾರ ಬಂದಾಗ ಕ್ರೇಟು ಸ್ಟೋರಿಗೆ ಹೋಗಿತ್ತು. ಆಗಲೂ ಹೇಳಬಹುದಿತ್ತು, ಹೇಳಲಿಲ್ಲ. ಮುಂದಿನ ಸೋಮವಾರ ಸ್ಟೋರಿನ ಬಾಗಿಲು ತೆಗೆದಾಗ ಗೋಡೆಯ ತುಂಬ, ದೀಪದ ತುಂಬ, ನಮ್ಮ ತಲೆಯ ಮೇಲೆ ಬಿಳಿ ಚಿಟ್ಟೆ.

ನೀನು ನನ್ನ ಕಡೆ ತಿರುಗಿ, “ಸ್ಟೀಮ್ ಕಮ್ಮಿ ಇತ್ತಾ ಲತಾ?” ಎಂದು ಕೇಳಿದೆ. “ಇದ್ದಿರ್ಬೇಕು ಅಕ್ಕ” ಎಂದೆ. ಅಷ್ಟೇ ನಾನು ಹೇಳಿದ್ದು, ಎರಡು ಮಾತು. ನೀನೇ ನಜೀರ್ ಸಾಬರ ಹತ್ತಿರ ಹೋಗಿ ಬಾಯ್ಲರ್ ಬಿಟ್ಟು ಹೋದದ್ದು ನನ್ನ ತಪ್ಪು ಎಂದೆ. ನಿನ್ನನ್ನು ಕೆಲಸದಿಂದ ತೆಗೆದರು. ನನ್ನ ಕೆಲಸ ಉಳಿಯಿತು, ಸಿರಿ ಉಳಿದಳು. ನನ್ನ ಸೀಮಂತಕ್ಕೆ ನೀನು ಚನ್ನಪಟ್ಟಣದಿಂದ ಬಂದು ಹಸಿರು ಬಳೆ ತೊಡಿಸಿದೆ. ಆ ಬಳೆಯನ್ನು ನಾನು ಅವತ್ತೇ ಬ್ಯಾಗಿಗೆ ತೆಗೆದಿಟ್ಟೆ, ಇವತ್ತಿನ ತನಕ ಮತ್ತೆ ತೊಟ್ಟಿಲ್ಲ.

ಮೇಡಮ್ಮು ನನ್ನನ್ನು ಇನ್ನೊಂದು ಮಾತೂ ಕೇಳಿದ್ದರು. “ಆ ಅಕ್ಕನಿಗೆ ಇದು ಗೊತ್ತಾ?” ಇಲ್ಲ ಎಂದೆ. ಅವರು ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ಹಾಕಿದರು. ನಾನು ತಪ್ಪು ಒಪ್ಪಿಕೊಂಡದ್ದನ್ನೇ ಅವರು ಹಾನೆಸ್ಟಿ ಎಂದದ್ದು. ಆ ಪದ ಕೇಳಿದ ಮೇಲೆ ನನ್ನ ಪಾಲಿನ ಮೈಸೂರುಪಾಕನ್ನು ಸಿರಿಗೆ ಕೊಟ್ಟುಬಿಟ್ಟೆ ಅಕ್ಕ.

ಮುಂದಿನ ಭಾನುವಾರ ಹತ್ತು ಗಂಟೆಯ ಬಸ್ಸಿಗೆ ಬರುತ್ತೇನೆ. ನೀನು ಬಾಗಿಲು ತೆಗೆಯದಿದ್ದರೆ ಒಂದು ಗಂಟೆ ಹೊರಗೆ ಕುಳಿತು ವಾಪಸ್ ಬರುತ್ತೇನೆ, ಅದಕ್ಕೂ ನಿನಗೆ ಹಕ್ಕಿದೆ. ಕ್ಷಮಿಸು ಎಂದು ಕಾಗದದಲ್ಲಿ ಬರೆಯುವುದಿಲ್ಲ. ಆದರೆ ನಾನು ಬರುವ ತನಕ ಕಾಯಬೇಡ, ನಾಳೆಯಿಂದಲೇ ಕುಕ್ಕರ್ ನೀನೊಬ್ಬಳೇ ಇಡು. ಪಕ್ಕದ ಮನೆಯವರನ್ನು ಕರೆಯಬೇಡ. ಅವತ್ತು ಮೀಟರಿನ ಮುಳ್ಳು ಎಲ್ಲಿರಬೇಕೋ ಅಲ್ಲೇ ಇತ್ತು ಅಕ್ಕ. ನೀನು ಹೋದಮೇಲೆ ನಾನು ನೋಡಿದ್ದೆ.